ಕತ್ತಿ ಆಗದ ಕುಟುಂಬ

ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ನನ್ನ ಕಣ್ಣು ಜನರ ಮುಖಕ್ಕಿಂತ ಮೊದಲು ಕುತ್ತಿಗೆಗೆ ಹೋಗುತ್ತದೆ. ದರ್ಬೆ ಪೇಟೆಯಲ್ಲಿ ತರಕಾರಿ ತೂಗಿಸಿಕೊಳ್ಳುವಾಗ, ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಬಾಟ್ಲಿ ಎತ್ತಿ ನೀರು ಕುಡಿಯುವಾಗ, ಗಂಟಲಿನ ಬುಡದಲ್ಲಿ ಏನಾದರೂ ಮೇಲೆ ಕೆಳಗೆ ಸರಿಯುತ್ತದೆಯೇ ಎಂದು ನೋಡುತ್ತೇನೆ. ಒಮ್ಮೆ ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕುಳಿತ ಅಪರಿಚಿತೆಯೊಬ್ಬರಿಗೆ "ಒಂದು ಸ್ಕ್ಯಾನ್ ಮಾಡಿಸಿ" ಎಂದುಬಿಟ್ಟೆ. ಅವರು ಪಾಯಸಕ್ಕೆ ಕಾಯದೆ ಎದ್ದರು. ನನ್ನ ತಂಗಿ ಮನೆ ತಲುಪುವವರೆಗೂ ನನ್ನನ್ನು ಬೈದಳು. ಬೈಸಿಕೊಂಡದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು, ಆ ಹೆಂಗಸು ಸ್ಕ್ಯಾನ್ ಮಾಡಿಸಿದರೋ ಇಲ್ಲವೋ ಎಂಬುದು.

ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸರ್ಜನ್ ಆಗಿದ್ದೆ. ವಾರಕ್ಕೊಮ್ಮೆ ಕಡಬದಲ್ಲಿ, ಇನ್ನೊಮ್ಮೆ ಸುಳ್ಯದಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಸಿಕ್ಕಿದಾಗ, ನಿಮಗೆ ಅತ್ಯಂತ ಕಷ್ಟವಾದ ಆಪರೇಷನ್ ಯಾವುದು ಮೇಡಂ ಎಂದು ಕೇಳುತ್ತಾರೆ. ಅವರಿಗೆ ರಕ್ತ, ಗಾಬರಿ, ಕೊನೆಯ ಕ್ಷಣದ ಉಳಿವು ಬೇಕಾಗಿರುತ್ತದೆ. ನನಗೆ ಕಷ್ಟವಾದದ್ದು ಕತ್ತಿ ಹಿಡಿದು ಮಾಡಿದ ಕೆಲಸವಲ್ಲ. ಕಾಯಿಲೆಯೇ ಇಲ್ಲದೆ ಆರಾಮಾಗಿದ್ದವರ ಮನೆಯ ಅಂಗಳಕ್ಕೆ ಹೋಗಿ ನಿಂತದ್ದು. ಆ ಅಂಗಳಗಳ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಕುತ್ತಿಗೆಯ ಗಡ್ಡೆಯನ್ನು ಬೆರಳಿನಿಂದಲೇ ಅಳೆಯುತ್ತಿದ್ದೆವು. ರೋಗಿಯ ಹಿಂದೆ ನಿಂತು ಎರಡು ಕೈ ಮುಂದಕ್ಕೆ ತಂದು, "ಎಂಜಲು ನುಂಗಿ" ಎಂದು ಹೇಳುವುದು. ಸೂಜಿ ಹಾಕಿ ತೆಗೆದ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ, ಮರದ ಪೆಟ್ಟಿಗೆಯಲ್ಲಿಟ್ಟು, ಮಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಆಮೇಲೆ ಸ್ಕ್ಯಾನ್ ಬಂತು, ನಮ್ಮ ಊರಿನಲ್ಲೇ ಪೆಥಾಲಜಿಸ್ಟ್ ಬಂದರು. ಈಗ ನನ್ನ ಜಾಗದಲ್ಲಿರುವ ಡಾ. ನಿಖಿಲ್ ಮೊಬೈಲಿನಲ್ಲೇ ಚಿತ್ರ ಕಳಿಸಿ ಅರ್ಧ ಗಂಟೆಯಲ್ಲಿ ಉತ್ತರ ತರಿಸಿಕೊಳ್ಳುತ್ತಾರೆ. ವಿಧಾನ ಎಷ್ಟು ಬದಲಾದರೂ ರೋಗಿಯ ಹಿಂದೆ ನಿಂತು ಕೈ ಇಡುವುದನ್ನು ಬಿಡಬೇಡಿ ಎಂದು ಅವರಿಗೆ ಹೇಳಿದ್ದೇನೆ. ಕೈ ಇಟ್ಟಾಗ ರೋಗಿ ಮಾತಾಡುತ್ತಾರೆ.

ವಸಂತಿ ಮಾತಾಡಿದ್ದೂ ಹಾಗೆಯೇ. ಕಡಬದ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಆಕೆಗೆ ಆಗ ಮೂವತ್ತು ದಾಟಿತ್ತಷ್ಟೆ. ತವರು ಸುಳ್ಯದ ಕಡೆ, ಮನೆಮಾತು ಅರೆಭಾಷೆ. ಬ್ಲೌಸಿನ ಅಳತೆಗೆ ಬಂದ ಯಾರೋ, ನಿನ್ನ ಕುತ್ತಿಗೆಯಲ್ಲಿ ಗಂಟು ಉಂಟಲ್ಲ ಎಂದಿದ್ದರಂತೆ. ಗಂಟು ಗಟ್ಟಿಯಾಗಿತ್ತು. ಪಕ್ಕದಲ್ಲಿ ಇನ್ನೊಂದು ಚಿಕ್ಕದೂ ಸಿಕ್ಕಿತು. ಆಪರೇಷನ್ ಬೇಕಾಗಬಹುದು ಎಂದಾಗ ಆಕೆ ನನ್ನ ಕೈ ಸರಿಸಿದಳು.

"ನಮ್ಮ ಕುಟುಂಬಕ್ಕೆ ಕತ್ತಿ ಆಗುದಿಲ್ಲ ಮೇಡಂ," ಎಂದಳು. ಅವಳ ಅಪ್ಪ ಅಪೆಂಡಿಕ್ಸ್ ಆಪರೇಷನ್‌ಗೆಂದು ಹೋದವರು ಮನೆಗೆ ಬರಲಿಲ್ಲ. ಅಪ್ಪನ ಅಕ್ಕ ಹೆರಿಗೆಯ ಆಪರೇಷನ್‌ನಲ್ಲಿ ತೀರಿಕೊಂಡಿದ್ದರು. ಆಮೇಲೆ ಮನೆಯಲ್ಲಿ ಯಾರೂ ಹಲ್ಲು ಕೀಳಿಸಲಿಕ್ಕೂ ಹೋಗುತ್ತಿರಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿಸಿದ್ದರು, ಪರಿಹಾರ ಮಾಡಿಸಿದ್ದರು, ಭಯ ಮಾತ್ರ ಹೋಗಿರಲಿಲ್ಲ.

ಸೂಜಿ ಪರೀಕ್ಷೆಯ ವರದಿಯಲ್ಲಿ ಕ್ಯಾನ್ಸರ್ ಎಂದು ಬಂತು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರಿನಲ್ಲಿ ಹಲವು ಬಗೆ. ಹೆಚ್ಚಿನವು ವಂಶದಿಂದ ಬರುವಂಥವಲ್ಲ, ಹೆಚ್ಚಿನವು ಗುಣವಾಗುತ್ತವೆ. ವಸಂತಿಯದು ಮೆಡ್ಯುಲರಿ ಎಂಬ ಅಪರೂಪದ ಬಗೆ. ನಮ್ಮ ಆಸ್ಪತ್ರೆಯ ಹಿರಿಯ ಸರ್ಜನ್, ನಾವೆಲ್ಲ ದೊಡ್ಡ ಡಾಕ್ಟ್ರು ಎಂದು ಕರೆಯುತ್ತಿದ್ದವರು, ತಡ ಮಾಡುವುದು ಬೇಡ ಎಂದು ಮರುದಿನ ಬೆಳಿಗ್ಗೆಗೇ ಆಪರೇಷನ್ ಇಟ್ಟರು. ಅವರ ಕೈಯ ವೇಗಕ್ಕೆ ಸಾಟಿಯಿರಲಿಲ್ಲ. ರೋಗಿಯ ಬಿ.ಪಿ. ಸರಿ ಇತ್ತು, ಹೃದಯ ಸರಿ ಇತ್ತು. ಕಷ್ಟಪಟ್ಟು ವಸಂತಿಯನ್ನು ನಾನೇ ಒಪ್ಪಿಸಿದ್ದೆ.

ಆ ಸಂಜೆ ಅರಿವಳಿಕೆ ವೈದ್ಯ ಡಾ. ಶರೀಫ್ ರೋಗಿಯನ್ನು ನೋಡಲು ಬಂದರು. ಕುಟುಂಬದ ಆ ಎರಡು ಸಾವುಗಳ ವಿಷಯ ಅವರಿಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಅಪ್ಪ ತೀರಿಹೋದದ್ದು ಕತ್ತಿ ಹಾಕುವ ಮೊದಲಾ, ಹಾಕಿದ ಮೇಲಾ?"

ನಾವಿಬ್ಬರೂ ವಾರ್ಡಿಗೆ ಹೋಗಿ ವಸಂತಿಯನ್ನು ಕೇಳಿದೆವು. ಅವಳಿಗೆ ಅಮ್ಮ ಹೇಳಿದ್ದು ನೆನಪಿತ್ತು. ಮೈಮರೆಸುವ ಮದ್ದು ಕೊಟ್ಟ ಕೂಡಲೇ ಅಪ್ಪನ ಮುಖ ಬಿಳಿಚಿ, ಮೈಯೆಲ್ಲ ಬೆವರಿ, ಡಾಕ್ಟರು ಓಡಾಡತೊಡಗಿದ್ದರಂತೆ. ಕತ್ತಿ ತಾಗಿಯೇ ಇರಲಿಲ್ಲ. ನಿಮಗೂ ಹಾಗೆ ಬೆವರುವುದು ಉಂಟಾ ಎಂದು ಶರೀಫ್ ಕೇಳಿದರು. ಹೊಲಿಯುತ್ತ ಕುಳಿತಿರುವಾಗ ಒಮ್ಮೊಮ್ಮೆ ತಲೆ ಸಿಡಿದು, ಎದೆ ಹೊಡೆದುಕೊಂಡು, ರವಕೆ ಒದ್ದೆಯಾಗುತ್ತದೆ, ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ ಎಂದಳು. ಮೆಷಿನ್ ತುಳಿದು ಹಾಗಾಗುವುದು ಎಂದು ಅವಳು ತಿಳಿದಿದ್ದಳು.

ಶರೀಫ್ ನನ್ನನ್ನು ಹೊರಗೆ ಕರೆದರು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಬಗೆಯ ಗಡ್ಡೆ ಬೆಳೆಯಬಹುದು. ಅದು ಸುಮ್ಮನಿರುವಾಗ ಬಿ.ಪಿ. ಸರಿ ಇರುತ್ತದೆ. ಕೆರಳಿತೆಂದರೆ ಕ್ಷಣದಲ್ಲಿ ಆಕಾಶಕ್ಕೇರುತ್ತದೆ. ಅರಿವಳಿಕೆ, ಹೆರಿಗೆ, ಆಪರೇಷನ್ ಎಲ್ಲವೂ ಅದನ್ನು ಕೆರಳಿಸುತ್ತವೆ. ಮೆಡ್ಯುಲರಿ ಕ್ಯಾನ್ಸರ್ ವಂಶದಲ್ಲಿ ಬಂದಾಗ ಈ ಗಡ್ಡೆ ಜೊತೆಗಿರುವುದುಂಟು. ಪಠ್ಯಪುಸ್ತಕದಲ್ಲಿ ಇಬ್ಬರೂ ಓದಿದ್ದೆವು. ಕಣ್ಣಾರೆ ಇಬ್ಬರೂ ಕಂಡಿರಲಿಲ್ಲ.

ದೊಡ್ಡ ಡಾಕ್ಟ್ರಿಗೆ ಸಿಟ್ಟು ಬಂತು. ಮನೆಯವರ ಮೂಢನಂಬಿಕೆಗೆ ಆಪರೇಷನ್ ನಿಲ್ಲಿಸುವುದಾ ಎಂದು ಕೇಳಿದರು. ಶರೀಫ್ ದನಿ ಏರಿಸುವವರಲ್ಲ. "ನಾನು ಮದ್ದು ಕೊಡುದಿಲ್ಲ ಸರ್. ಪರೀಕ್ಷೆ ಆಗ್ಲಿ," ಎಂದಷ್ಟೇ ಹೇಳಿ ಕೈಕಟ್ಟಿ ನಿಂತರು. ಅರಿವಳಿಕೆ ಕೊಡುವವರು ಒಲ್ಲೆನೆಂದ ಮೇಲೆ ಸರ್ಜನ್ ಏನು ಮಾಡಬಲ್ಲರು? ಆಪರೇಷನ್ ರದ್ದಾಯಿತು.

ಪರೀಕ್ಷೆಗೆ ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಸಂಗ್ರಹಿಸಬೇಕಿತ್ತು. ವಸಂತಿ ಅದನ್ನು ಮನೆಯಲ್ಲೇ ಸಂಗ್ರಹಿಸಿ, ಲೈನಿಂಗ್ ಬಟ್ಟೆಯಲ್ಲಿ ಸುತ್ತಿ, ಕಡಬದಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಳು. ಪಕ್ಕದವರು ಎಂತ ಎಂದು ಕೇಳಿದ್ದಕ್ಕೆ ಜೇನು ಎಂದಿದ್ದಳಂತೆ. ಅದನ್ನು ಹೇಳುವಾಗ ಅವಳು ನಕ್ಕಳು, ನನಗೆ ನಗಲಾಗಲಿಲ್ಲ. ವರದಿಯಲ್ಲಿ ಅಂಕಿಗಳು ಮಿತಿಯನ್ನು ಎಷ್ಟೋ ಪಟ್ಟು ದಾಟಿದ್ದವು. ಸ್ಕ್ಯಾನಿನಲ್ಲಿ ಬಲಗಡೆ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು.

ದೊಡ್ಡ ಡಾಕ್ಟ್ರು ವರದಿ ಓದಿ, ಶರೀಫರ ಕೋಣೆಗೆ ತಾವೇ ಹೋಗಿ, ಎದುರಿನ ಕುರ್ಚಿಯಲ್ಲಿ ಕುಳಿತು ಅದನ್ನು ಅವರ ಮುಂದಿಟ್ಟರು. ಎದ್ದು ಬಂದವರೇ ಮಂಗಳೂರಿನ ತಜ್ಞರಿಗೆ ಫೋನ್ ಮಾಡಿ ವಸಂತಿಗೆ ಹಾಸಿಗೆ ಗೊತ್ತುಮಾಡಿದರು. ಒಳ್ಳೆಯ ಮೇಲಧಿಕಾರಿ ತಪ್ಪೇ ಮಾಡುವುದಿಲ್ಲ ಎಂದುಕೊಳ್ಳಬೇಡಿ. ತಪ್ಪು ತಿಳಿದ ಮೇಲೆ ಯಾವ ಕಡೆಗೆ ನಡೆಯುತ್ತಾರೆ ಎಂಬುದನ್ನು ನೋಡಿ.

ವಸಂತಿಗೆ ಕೆಲವು ವಾರ ಮಾತ್ರೆ ಕೊಟ್ಟು ಬಿ.ಪಿ.ಯನ್ನು ಹದಕ್ಕೆ ತಂದು, ಮೊದಲು ಹೊಟ್ಟೆಯ ಗಡ್ಡೆ ತೆಗೆದರು. ಆಮೇಲೆ ಕುತ್ತಿಗೆಯದು. ಅವಳು ಬದುಕಿದಳು. ಈಗಲೂ ಕಡಬದಲ್ಲಿ ಹೊಲಿಯುತ್ತಾಳೆ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವಳ ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದೆವು. ರೆಟ್ ಎಂಬ ಜೀನಿನಲ್ಲಿ ಒಂದು ದೋಷ ಇದೆಯೆಂದು ಉತ್ತರ ಬಂತು. ಇದು ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರಿಗೆ ಇವತ್ತಲ್ಲದಿದ್ದರೆ ನಾಳೆ ಥೈರಾಯ್ಡ್ ಕ್ಯಾನ್ಸರ್ ಹೆಚ್ಚುಕಡಿಮೆ ಖಂಡಿತ. ಬೇಗ ತಿಳಿದರೆ ಅದು ಬರುವ ಮೊದಲೇ ಗ್ರಂಥಿಯನ್ನು ತೆಗೆಯಬಹುದು. ಅಂದರೆ ನನ್ನ ರೋಗಿ ಈಗ ವಸಂತಿ ಒಬ್ಬಳೇ ಅಲ್ಲ. ಅವಳ ಮಗಳು, ಅಣ್ಣ, ತಂಗಿ, ಅಣ್ಣನ ಮಗಳು. ಅವರು ಯಾರೂ ನನ್ನ ಬಳಿಗೆ ಬಂದವರಲ್ಲ. ಎಲ್ಲರೂ ಚೆನ್ನಾಗಿ ಉಂಡು ಓಡಾಡಿಕೊಂಡಿದ್ದವರು.

ತಂಗಿ ಲಲಿತಾ ರಾಮಕುಂಜದಲ್ಲಿ ಶಾಲೆಯ ಟೀಚರು. ತಾನಾಗಿ ಬಂದು ರಕ್ತ ಕೊಟ್ಟಳು. ವರದಿ ಬಂದಾಗ, ನಿಮಗೆ ಬಂದಿಲ್ಲ, ನಿಮ್ಮ ಮಕ್ಕಳಿಗೂ ಬರುವುದಿಲ್ಲ ಎಂದು ಸಂತೋಷದಿಂದ ಹೇಳಿದೆ. ಆಕೆ ಮೇಜಿಗೆ ತಲೆ ಆನಿಸಿ ಅತ್ತಳು. ಅಕ್ಕನಿಗೆ ನಾನು ಇದನ್ನು ಹೇಗೆ ಹೇಳುದು ಎಂದು ಕೇಳಿದಳು. ಒಳ್ಳೆಯ ಸುದ್ದಿಗೂ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತೇ ಹೇಳಬೇಕು ಎಂದು ಅಂದು ಕಲಿತೆ.

ವಸಂತಿಯ ಮಗಳು ಶ್ರಾವ್ಯಳಿಗೆ ದೋಷ ಬಂದಿತ್ತು. ಏಳು ವರ್ಷದ ಮಗು. ಕುತ್ತಿಗೆಯಲ್ಲಿ ಏನೂ ಸಿಗುತ್ತಿರಲಿಲ್ಲ, ಸ್ಕ್ಯಾನಿನಲ್ಲೂ ಏನೂ ಇಲ್ಲ. ವಸಂತಿಯ ಗಂಡ ಮಿತಭಾಷಿ. ಅವರು ಮಗುವನ್ನು ಹೊರಗೆ ಕಳಿಸಿ ಕೇಳಿದರು:

"ಏನೂ ಇಲ್ಲದ ಮಗುವಿನ ಕುತ್ತಿಗೆ ಕೊಯ್ಯುದು ಹೇಗೆ ಮೇಡಂ? ನಿಮ್ಮ ಮಗು ಆಗಿದ್ರೆ ಮಾಡ್ತಿದ್ರಾ?"

ಮಾಡಿಸುತ್ತಿದ್ದೆ ಎಂದೆ. ಹಾಗೆ ಹೇಳಿದ್ದು ನಿಜವೇ. ಆದರೂ ಆಪರೇಷನ್ ದಿನದವರೆಗೆ ನಾನು ಒಂದು ಕಡೆ ಕೂರಲಿಲ್ಲ. ಅಡುಗೆ ಮಾಡಲು ಹೋದರೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಮಕ್ಕಳ ಕುತ್ತಿಗೆಯಲ್ಲಿ ರಕ್ತದ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕಾಯುವ ಪುಟ್ಟ ಗ್ರಂಥಿಗಳು ಅಕ್ಕಿಕಾಳಿಗಿಂತ ಚಿಕ್ಕವು, ದನಿಯ ನರ ನೂಲಿನಷ್ಟು. ಮಂಗಳೂರಿನಲ್ಲಿ ಈ ಕೆಲಸವನ್ನೇ ಮಾಡುವ ತಜ್ಞರು ಆಪರೇಷನ್ ಮಾಡಿದರು, ನಾನು ಸಹಾಯಕ್ಕೆ ನಿಂತೆ. ಹೊರತೆಗೆದ ಗ್ರಂಥಿ ನೋಡಲು ನುಣುಪಾಗಿ, ಗುಲಾಬಿ ಬಣ್ಣದಲ್ಲಿ, ಯಾವ ದೋಷವೂ ಇಲ್ಲದಂತಿತ್ತು. ಮರುದಿನ ಮಗು ಬೆರಳು ಜುಮುಜುಮು ಎನ್ನುತ್ತದೆ ಎಂದು ಅತ್ತಿತು. ಸುಣ್ಣದ ಅಂಶ ಇಳಿದಿತ್ತು. ಅದರ ಅಪ್ಪ ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ.

ಮಗು ಸುಧಾರಿಸಿಕೊಂಡಿತು. ಆಮೇಲೆ ಗ್ರಂಥಿಯ ಸೂಕ್ಷ್ಮ ಪರೀಕ್ಷೆಯ ವರದಿ ಬಂತು. ಕಣ್ಣಿಗೆ ಕಾಣದ ಎರಡು ಚುಕ್ಕೆಗಳಲ್ಲಿ ಕ್ಯಾನ್ಸರ್ ಆಗಲೇ ಶುರುವಾಗಿತ್ತು. ಗ್ರಂಥಿಯಿಂದ ಹೊರಗೆ ಹೋಗಿರಲಿಲ್ಲ. ಆ ಅಪ್ಪನಿಗೆ ಅದನ್ನು ಹೇಳಿದಾಗ ಅವರು ಕೈಮುಗಿಯಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. ಮಗಳ ಚಪ್ಪಲಿಯ ಬಕಲ್ ಬಿಚ್ಚಿ ಮತ್ತೆ ಸರಿಯಾಗಿ ಹಾಕಿದರು.

ಇನ್ನು ಉಳಿದದ್ದು ವಸಂತಿಯ ಅಣ್ಣ ಜನಾರ್ದನ. ಸುಳ್ಯದಿಂದ ಸ್ವಲ್ಪ ಒಳಗೆ ಅವರ ರಬ್ಬರ್ ತೋಟ. ಗಟ್ಟಿಮುಟ್ಟಾದ ಆಳು, ಮರದ ಹಾಲು ಇಳಿಸುವುದರಿಂದ ಹಿಡಿದು ರಬ್ಬರ್ ಶೀಟಿಗೆ ಹೊಗೆ ಹಾಕುವವರೆಗೆ ಎಲ್ಲ ಸ್ವಂತ ಕೈಯಿಂದ. ಒಬ್ಬಳೇ ಮಗಳು ದೀಕ್ಷಾ, ಆಗ ಹತ್ತರ ಆಸುಪಾಸು. ನಾನು ವಸಂತಿಯನ್ನು ಕರೆದುಕೊಂಡು ಹೋಗಿ ವಿಷಯ ಹೇಳಿದೆ. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡರು.

"ನೀವು ಹುಡುಕಿದ್ರೆ ಸಿಕ್ಕುತ್ತದೆ ಡಾಕ್ಟ್ರೆ. ಹುಡುಕುದು ಬೇಡ," ಎಂದರು. "ನನಗೆ ಹೆಣ್ಣು ಮಗು ಉಂಟು. ನಾಳೆ ಯಾರಾದ್ರೂ ಕೇಳಿಕೊಂಡು ಬಂದ್ರೆ ನಾನು ಎಂತ ಹೇಳುದು?"

ನಾನು ಬಿಡಲಿಲ್ಲ. ಸುಳ್ಯದ ದಿನಗಳಲ್ಲಿ ಏನಾದರೊಂದು ನೆಪ ಮಾಡಿಕೊಂಡು ಆ ದಾರಿಯಲ್ಲಿ ಕಾರು ತಿರುಗಿಸುತ್ತಿದ್ದೆ. ಕಾರಿನ ಶಬ್ದ ಕೇಳಿದರೆ ಅವರು ತೋಟಕ್ಕೆ ಇಳಿದುಬಿಡುತ್ತಿದ್ದರು. ಹೆಂಡತಿ ಕಾಫಿ ಕೊಟ್ಟು, ನೆಲ ನೋಡುತ್ತ ನಿಲ್ಲುತ್ತಿದ್ದರು. ಕೊನೆಗೆ ಒಂದು ದಿನ ಹೆಂಡತಿಯೇ, ಇನ್ನು ಬರಬೇಡಿ, ನೀವು ಬಂದು ಹೋದ ಮೇಲೆ ಇವರಿಗೆ ಊಟ ಸೇರುವುದಿಲ್ಲ ಎಂದರು. ಹೋಗುವುದನ್ನು ನಿಲ್ಲಿಸಿದೆ. ಕಾನೂನು, ವೃತ್ತಿಧರ್ಮ ಎರಡೂ ನಿಲ್ಲಿಸು ಎಂದೇ ಹೇಳುತ್ತವೆ. ಒಲ್ಲದವರ ರಕ್ತ ತೆಗೆಯುವ ಹಕ್ಕು ಯಾರಿಗೂ ಇಲ್ಲ. ಇದನ್ನು ಒಪ್ಪಿಕೊಂಡೂ ನೆಮ್ಮದಿಯಿಂದಿರುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ. ಪ್ರತಿ ವರ್ಷ ಶಾಲೆ ಶುರುವಾಗುವಾಗ ಆ ಮಗು ಯಾವ ಕ್ಲಾಸಿಗೆ ಬಂದಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ದೀಕ್ಷಾ ತಾನೇ ಬಂದಳು. ಪುತ್ತೂರಿನಲ್ಲಿ ಲ್ಯಾಬ್ ಟೆಕ್ನಾಲಜಿ ಕೋರ್ಸಿಗೆ ಸೇರಿದ್ದಳು. ಚೀಟಿ ಮಾಡಿಸಿ, ಸಾಲಿನಲ್ಲಿ ಕುಳಿತು, ತನ್ನ ಸರದಿ ಬಂದಾಗ ಒಳಗೆ ಬಂದು, "ನನಗೆ ಹದಿನೆಂಟು ಆಯ್ತು ಮೇಡಂ. ಶ್ರಾವ್ಯನಿಗೆ ಮಾಡಿದ ಪರೀಕ್ಷೆ ನನಗೂ ಮಾಡಿ," ಎಂದಳು. ಮಾತಾಡುವಾಗ ಎಂಜಲು ನುಂಗಿದಳು. ಎಡಗಡೆ ಏನೋ ಸರಿದಂತೆ ಕಂಡಿತು. ಹಿಂದೆ ಹೋಗಿ ನಿಂತು ಕೈ ಇಟ್ಟೆ. ಕಡಲೆಯಷ್ಟು ಗಟ್ಟಿ ಗಂಟು ಸಿಕ್ಕಿತು.

ವರದಿ ಬಂದಾಗ ಅವಳೇ ಮೊದಲು ಓದಿದಳು. ಅಪ್ಪನಿಗೆ ಹೇಳಬೇಡಿ ಎಂದಳು. ಹೇಳುವುದಿಲ್ಲ ಎಂದೆ. ಆಪರೇಷನ್‌ಗೆ ಯಾವಾಗ ಬರುತ್ತೀ ಎಂದು ಕೇಳಿದಾಗ, ಈ ತಿಂಗಳು ಆಗುವುದಿಲ್ಲ, ಅಪ್ಪನಿಗೆ ಹರ್ನಿಯಾ ಆಪರೇಷನ್ ಉಂಟು, ಮುಂದಿನ ವಾರ, ನೋವಿನಿಂದ ಮರದ ಹತ್ತಿರ ಬಗ್ಗಲಿಕ್ಕೂ ಆಗುತ್ತಿಲ್ಲ, ಅಂತೂ ಒಪ್ಪಿದ್ದಾರೆ ಎಂದಳು.

ಮಗಳಿಗೆ ಬಂದಿದೆ ಎಂದರೆ ಅದು ಅಪ್ಪನಿಂದಲೇ ಬಂದದ್ದು. ಅವರಿಗೂ ಹೊಟ್ಟೆಯ ಗಡ್ಡೆ ಇರಬಹುದು. ಬೇರೆ ಊರಿನ ನರ್ಸಿಂಗ್ ಹೋಮಿನಲ್ಲಿ, ಏನೂ ತಿಳಿಯದ ಯಾರೋ ಅರಿವಳಿಕೆ ಕೊಡುತ್ತಾರೆ. ಅವಳಿಗೆ ಬಿಡಿಸಿ ಹೇಳಿದೆ. ಗುಟ್ಟು ನಿನ್ನದು, ಆದರೆ ಜೀವ ಅವರದು, ಈಗ ಏನು ಮಾಡೋಣ ಎಂದು ಕೇಳಿದೆ. ಅವಳು ಬ್ಯಾಗು ಎತ್ತಿಕೊಂಡು ಎದ್ದಳು. "ಈಗಲೇ ಹೋಗುವ ಮೇಡಂ. ನೀವೂ ಬನ್ನಿ."

ಹೊರಗೆ ಕಾಯುತ್ತಿದ್ದ ರೋಗಿಗಳ ಕ್ಷಮೆ ಕೇಳಿ ಹೊರಟೆ. ಜನಾರ್ದನ ಶೀಟು ಒತ್ತುವ ಶೆಡ್ಡಿನಲ್ಲಿದ್ದರು. ವಯಸ್ಸಾಗಿತ್ತು. ನನ್ನನ್ನು ಕಂಡದ್ದೇ ಮುಖ ಬಿಗಿದರು. ಮಗಳು ಎದುರು ನಿಂತು ಪರೀಕ್ಷೆ ಮಾಡಿಸಿದ್ದನ್ನು, ಬಂದ ಉತ್ತರವನ್ನು ಒಂದೇ ಉಸಿರಿಗೆ ಹೇಳಿದಳು.

"ಯಾರ ಹತ್ರ ಕೇಳಿ ರಕ್ತ ಕೊಟ್ಟದ್ದು ನೀನು?"

"ನನ್ನ ರಕ್ತ ಅಲ್ವಾ ಅಪ್ಪ."

ಅವರು ಮೆಷಿನ್ನಿನ ಹಿಡಿಕೆ ಬಿಟ್ಟು ಮೆಟ್ಟಿಲ ಮೇಲೆ ಕುಳಿತರು. ಅಡ್ರಿನಲ್ ಗಡ್ಡೆಯ ಬಗ್ಗೆ ನಾನು ಹೇಳತೊಡಗಿದೆ. ಅವರು ಅರ್ಧದಲ್ಲೇ ತಡೆದರು. ಬೆವರು, ಎದೆ ಹೊಡೆದುಕೊಳ್ಳುವುದು, ಎಲ್ಲ ತನಗೆ ಎಷ್ಟೋ ವರ್ಷದಿಂದ ಉಂಟು ಎಂದರು. ಹೆಂಡತಿಗೂ ಹೇಳಿರಲಿಲ್ಲ. ಹರ್ನಿಯಾ ಆಪರೇಷನ್‌ನಿಂದ ತಾನು ಮನೆಗೆ ಬರುವುದಿಲ್ಲ ಎಂದೇ ಅಂದುಕೊಂಡಿದ್ದರು. ಕೆಲಸ ಮಾಡಲಾಗದೆ ಇರುವುದಕ್ಕಿಂತ ಅದೇ ವಾಸಿ ಎನಿಸಿತ್ತು. ತೋಟದ ಕಾಗದಗಳನ್ನೆಲ್ಲ ಹೆಂಡತಿಯ ಹೆಸರಿಗೆ ಮಾಡಿಸಿಯೂ ಆಗಿತ್ತು. ಆಮೇಲೆ ಅವರು ಮಗಳ ಕಡೆ ನೋಡದೆ ನನ್ನನ್ನು ಕೇಳಿದರು:

"ಅವಳಿಗೆ ಇದು ನಾನು ಕೊಟ್ಟದ್ದಾ?"

"ನಿಮ್ಮಿಂದ ಬಂದದ್ದು. ನೀವು ಕೊಟ್ಟದ್ದಲ್ಲ," ಎಂದೆ.

ಆ ವ್ಯತ್ಯಾಸ ಅವರಿಗೆ ಸಮಾಧಾನ ತಂದಿತೋ ಇಲ್ಲವೋ, ಕೇಳಲಿಲ್ಲ. ದೀಕ್ಷಾ ಅವರ ಪಕ್ಕ ಮೆಟ್ಟಿಲಲ್ಲಿ ಕುಳಿತಳು. ಮಾರನೆಯ ದಿನ ಅಪ್ಪ ಮಗಳು ಇಬ್ಬರೂ ಪುತ್ತೂರಿಗೆ ಬಂದರು.

ಜನಾರ್ದನರಿಗೆ ಎರಡೂ ಕಡೆ ಅಡ್ರಿನಲ್ ಗಡ್ಡೆ ಇತ್ತು. ಅವನ್ನು ತೆಗೆದರು, ಕುತ್ತಿಗೆಯದನ್ನೂ ತೆಗೆದರು, ಹರ್ನಿಯಾವನ್ನು ಕೊನೆಗೆ ಮಾಡಿದರು. ಆದರೆ ಅವರ ಕ್ಯಾನ್ಸರ್ ಗ್ರಂಥಿಯಿಂದ ಆಚೆಗೆ ಹೋಗಿತ್ತು. ರಕ್ತದಲ್ಲಿ ಅದರ ಗುರುತು ಪೂರ್ತಿ ಅಳಿಯಲಿಲ್ಲ. ವರ್ಷಕ್ಕೆರಡು ಬಾರಿ ಬಂದು ರಕ್ತ ಕೊಟ್ಟು, ಏರುತ್ತಿದೆಯೇ ಎಂದು ನೋಡುತ್ತಿರಬೇಕು. ದೀಕ್ಷಾಳಿಗೂ ಆಪರೇಷನ್ ಆಯಿತು, ಅವಳದ್ದು ಗ್ರಂಥಿಯೊಳಗೇ ಇತ್ತು. ಅಪ್ಪ ಹೆದರಿದ್ದೂ ಸುಳ್ಳಾಗಲಿಲ್ಲ. ಒಂದು ಸಂಬಂಧ ಈ ಕಾರಣಕ್ಕೇ ಮುರಿಯಿತು. ಆಮೇಲೆ ಅವಳು ಕೆಲಸಕ್ಕೆ ಸೇರಿದ ಲ್ಯಾಬಿನಲ್ಲೇ ಇದ್ದ ಹುಡುಗನೊಬ್ಬ, ಎಲ್ಲ ತಿಳಿದೇ, ಅವಳನ್ನು ಮದುವೆಯಾದ.

ಅಷ್ಟರಲ್ಲಿ ನಾನು ನಿವೃತ್ತಳಾದೆ. ಜನಾರ್ದನ ಮೊದಮೊದಲು ತಪ್ಪದೆ ತಪಾಸಣೆಗೆ ಬಂದರು, ಆಮೇಲೆ ನಿಲ್ಲಿಸಿದರು. ಡಾ. ನಿಖಿಲ್ ಫೋನ್ ಮಾಡಿದರೆ, ನನಗೀಗ ಒಳ್ಳೆದುಂಟು ಎಂದು ಇಡುತ್ತಿದ್ದರಂತೆ. ನಾನು ಮಾಡಿದರೂ ಅದೇ. ಅಂಕಿ ಏರಿದೆ ಎಂದು ಕೇಳುವುದಕ್ಕಿಂತ ಕೇಳದೆ ಇರುವುದು ಅವರಿಗೆ ಹಗುರವಾಗಿತ್ತು.

ಇತ್ತೀಚೆಗೆ ದೀಕ್ಷಾಳಿಗೆ ಗಂಡುಮಗು ಆಯಿತು. ಕೆಲವು ತಿಂಗಳು ಕಳೆದ ಮೇಲೆ ಅದರ ರಕ್ತವನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ನಿಖಿಲ್ ನನ್ನನ್ನೂ ಕರೆದರು. ನಾನು ಹೋಗುವಾಗ ದೀಕ್ಷಾ, ಅವಳ ಗಂಡ, ಮಗುವನ್ನು ಎತ್ತಿಕೊಂಡ ಜನಾರ್ದನ ಕುಳಿತಿದ್ದರು. ನಿಖಿಲ್ ಕುರ್ಚಿ ಎಳೆದುಕೊಂಡು ಅವರ ಹತ್ತಿರ ಕುಳಿತು ಹೇಳಿದರು. ಮಗುವಿಗೂ ಬಂದಿತ್ತು.

ದೀಕ್ಷಾ ತುಟಿ ಕಚ್ಚಿಕೊಂಡಳು. ಅವಳ ಗಂಡ ಅವಳ ಭುಜ ಹಿಡಿದ. ಮಗು ಅಜ್ಜನ ಶರ್ಟಿನ ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. ಮೊದಲು ದನಿ ಎತ್ತಿದವರು ಜನಾರ್ದನ. ಆಪರೇಷನ್ ಯಾವಾಗ ಮಾಡುವುದು ಎಂದು ಕೇಳಿದರು. ಈಗಲ್ಲ, ಐದು ವರ್ಷ ತುಂಬುವುದರೊಳಗೆ, ಅಲ್ಲಿಯವರೆಗೆ ವರ್ಷ ವರ್ಷ ನೋಡುತ್ತಿರುತ್ತೇವೆ ಎಂದು ನಿಖಿಲ್ ಹೇಳಿದರು.

ಜನಾರ್ದನ ಸ್ವಲ್ಪ ಹೊತ್ತು ಮಗುವಿನ ತಲೆ ಸವರಿದರು. ಆಮೇಲೆ ಅದನ್ನು ಮಗಳ ಮಡಿಲಿಗೆ ಕೊಟ್ಟು, ಶರ್ಟಿನ ತೋಳು ಮೇಲಕ್ಕೆ ಮಡಚಿ, ಕೈಯನ್ನು ಮೇಜಿನ ಮೇಲೆ ಚಾಚಿದರು.

"ಹಾಗಾದ್ರೆ ನನ್ನ ರಕ್ತ ತೆಗೀರಿ ಡಾಕ್ಟ್ರೆ," ಎಂದರು. "ಅಷ್ಟು ವರ್ಷ ನಾನು ಇರ್ಬೇಕು."